‘ಪರ್ಸ್ವೇಡ್’ ಕಲಿಸುವಲ್ಲಿ ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟು

ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಉಚಿತ ಆನ್‌ಲೈನ್ ಆವೃತ್ತಿಯ ಗುಣವನ್ನು ಅಳೆಯಲು ಅಪರೂಪದ ಪದ ಬೇಕಿಲ್ಲ; ಎಲ್ಲರೂ ತಮಗೆ ಗೊತ್ತಿದೆಯೆಂದು ನಂಬಿರುವ ‘ಪರ್ಸ್ವೇಡ್’ ಎಂಬ ಕ್ರಿಯಾಪದವನ್ನು ನೋಡಿದರೆ ಸಾಕು. ‘ಮನವೊಲಿಸು’, ‘ಒಪ್ಪಿಸು’ ಎಂಬ ಕನ್ನಡ ಅರ್ಥಗಳು ಸರಿಯಾಗಿಯೇ ಇವೆ, ಆದರೆ ಪದವನ್ನು ವಾಕ್ಯದಲ್ಲಿ ಹೇಗೆ ಕೂರಿಸಬೇಕೆಂಬುದು ಅವುಗಳಿಂದ ತಿಳಿಯುವುದಿಲ್ಲ.

ಈ ನಿಘಂಟು ಅದನ್ನೇ ಮುಂದಿಡುತ್ತದೆ. ತಕ್ಕ ಕಾರಣ ಕೊಟ್ಟು ಒಬ್ಬರಿಂದ ಕೆಲಸ ಮಾಡಿಸುವುದು ಮೊದಲ ಅರ್ಥ. ಅಲ್ಲಿ ವ್ಯಕ್ತಿಯ ನಂತರ ‘ಟು’ ಮತ್ತು ಕ್ರಿಯಾಪದ ಬರುತ್ತವೆ. ಒಂದು ಸಂಗತಿ ನಿಜವೆಂದು ನಂಬಿಸುವುದು ಎರಡನೆಯದು. ಅಲ್ಲಿ ‘ದಟ್’ ಅಥವಾ ‘ಆಫ್’ ಬೇಕು. ‘ಪರ್ಸ್ವೇಡೆಡ್ ಹಿಮ್ ಫಾರ್ ಗೋಯಿಂಗ್’ ಎಂದು ಬರೆಯುವ ವಿದ್ಯಾರ್ಥಿ ಈ ಮಾದರಿಯನ್ನು ಒಮ್ಮೆ ಗಮನಿಸಿದರೆ ತಾನೇ ತಿದ್ದಿಕೊಳ್ಳಬಲ್ಲ. ಇದರ ಮೂಲ ಸಂಪಾದಕ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. 1942ರಲ್ಲಿ ಅಲ್ಲಿಯೇ ಮೊದಲು ಪ್ರಕಟವಾದ ಕೃತಿಯನ್ನು ಆಕ್ಸ್‌ಫರ್ಡ್ 1948ರಲ್ಲಿ ಹೊರತಂದಿತು. ತಾಯ್ನುಡಿ ಬೇರೆಯಾದವರು ಎಲ್ಲಿ ಎಡವುತ್ತಾರೆಂಬ ಆ ಅಧ್ಯಾಪಕರ ಅರಿವು ಈ ಮಾದರಿಗಳಲ್ಲಿ ಇಂದಿಗೂ ಕಾಣುತ್ತದೆ.

‘ಪರ್ಸ್ವೇಡ್’ ಮುಖ್ಯವಾಗಿ ಕೆಲಸಕ್ಕೆ ಒಪ್ಪಿಸುವುದನ್ನೂ ‘ಕನ್ವಿನ್ಸ್’ ಮುಖ್ಯವಾಗಿ ನಂಬಿಸುವುದನ್ನೂ ಸೂಚಿಸುತ್ತದೆಂದು ವಿವರಿಸಿ, ಬಳಕೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬರುವುದೂ ಸಾಮಾನ್ಯವೆಂದು ಒಪ್ಪಿಕೊಳ್ಳುವ ಟಿಪ್ಪಣಿ ನನಗೆ ಬಹಳ ಮೆಚ್ಚುಗೆಯಾಯಿತು. ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆಗಳೂ ಕೇಳಸಿಗುತ್ತವೆ.

ಆದರೂ ಕನ್ನಡಿಗರಿಗೆ ಅತ್ಯಂತ ಅಗತ್ಯವಾದ ಒಂದು ಮಾತು ವ್ಯಾಖ್ಯೆಯೊಳಗೇ ಅಡಗಿ ಕುಳಿತಿದೆ. ‘ಎಷ್ಟು ಕನ್ವಿನ್ಸ್ ಮಾಡಿದರೂ ಒಪ್ಪಲಿಲ್ಲ’ ಎಂದು ನಾವು ದಿನವೂ ಹೇಳುತ್ತೇವೆ, ಏಕೆಂದರೆ ನಮ್ಮ ಬಳಕೆಯಲ್ಲಿ ಅದು ಪ್ರಯತ್ನದ ಹೆಸರು. ಇಂಗ್ಲಿಷಿನಲ್ಲಿ ಈ ಎರಡೂ ಕ್ರಿಯಾಪದಗಳು ಫಲವನ್ನು ಹೇಳುತ್ತವೆ: ‘ಐ ಪರ್ಸ್ವೇಡೆಡ್ ಹಿಮ್’ ಎಂದಾಗಲೇ ಅವನು ಒಪ್ಪಿಯಾಗಿದೆ. ಒಪ್ಪದಿದ್ದರೆ ‘ಐ ಟ್ರೈಡ್ ಟು ಪರ್ಸ್ವೇಡ್ ಹಿಮ್’ ಎನ್ನಬೇಕು. ಜಗತ್ತಿಗೆಲ್ಲ ಒಂದೇ ಆಗಿರುವ ನಿಘಂಟು ಪ್ರತಿ ಭಾಷೆಯವರ ತೊಡಕನ್ನೂ ಬಿಡಿಸಿ ಹೇಳಲಾರದು. ಆದ್ದರಿಂದ ಪಿಯು ತರಗತಿಗಳಲ್ಲಿ ಇದನ್ನು ಬಳಸುವ ಅಧ್ಯಾಪಕರು ‘ಟ್ರೈ’ ಸೇರುವ ವಾಕ್ಯಗಳನ್ನು ತಾವೇ ಬರೆಸಿ ಅಭ್ಯಾಸ ಮಾಡಿಸಬೇಕು.