ಟ್ರೆಡ್‌ಮಿಲ್, ಸೈಕಲ್, ಮೈದಾನ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಯಾವ ಟೆಸ್ಟ್ ಹಿಡಿಯಬೇಕು?

ಕ್ರೀಡಾ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವವರಿಗೆ ಪ್ರಾಜೆಕ್ಟ್ ಹತ್ತಿರ ಬಂದ ಕೂಡಲೇ ಒಂದು ಪ್ರಶ್ನೆ ಕಾಡುತ್ತದೆ. ಆಟಗಾರರ ದಮ್ಮು ಅಳೆಯಬೇಕು, ಸರಿ, ಆದರೆ ಯಾವುದರಲ್ಲಿ? ಲ್ಯಾಬಿನಲ್ಲಿ ದೊಡ್ಡ ಯಂತ್ರ ಇದೆ ಅಂದ ಮೇಲೆ ಅದನ್ನೇ ಬಳಸಬೇಕು ಅಂತ ನಾನೂ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ನಾನು ನಾಲ್ಕು ಟೆಸ್ಟ್ ಮಾಡಿ ನೋಡಿದ್ದೇನೆ. ಉಸಿರು ಅಳೆಯುವ ಮಾಸ್ಕ್ ಕಟ್ಟಿಕೊಂಡು ಟ್ರೆಡ್‌ಮಿಲ್, ಅದೇ ಮಾಸ್ಕ್ ಕಟ್ಟಿಕೊಂಡು ಲ್ಯಾಬಿನ ನಿಂತ ಸೈಕಲ್, ಟ್ರ್ಯಾಕಿನಲ್ಲಿ ಕೂಪರ್ 12 ನಿಮಿಷದ ಓಟ, ಮತ್ತೆ ಎಲ್ಲರೂ ಬೀಪ್ ಟೆಸ್ಟ್ ಅನ್ನುವ 20 ಮೀಟರ್ ಶಟಲ್ ಓಟ. ಮೊದಲು ನಾನೇ ಓಡಿದೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೂರು ದಿನ ಬಿಟ್ಟು. ಆಮೇಲೆ ಪ್ರಾಜೆಕ್ಟ್‌ಗೆ ಒಪ್ಪಿದ 24 ಫುಟ್‌ಬಾಲ್ ಆಟಗಾರರನ್ನು ಓಡಿಸಿದೆ.

ದೇಹ ಅತಿ ಹೆಚ್ಚು ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆಗೆ ವಿಓ-ಟು ಮ್ಯಾಕ್ಸ್ ಅನ್ನುತ್ತಾರೆ. ನನ್ನ ವಿಓ-ಟು ಮ್ಯಾಕ್ಸ್ ಟ್ರೆಡ್‌ಮಿಲ್‌ನಲ್ಲಿ 47 ಬಂತು, ಅಂದರೆ ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ 47 ಮಿ.ಲೀ. ಆಮ್ಲಜನಕ. ಸೈಕಲ್ ಮೇಲೆ 43. ಶಟಲ್ ಓಟದ ಲೆಕ್ಕದಲ್ಲಿ ಸುಮಾರು 45. ಕೂಪರ್ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಟ್ರೆಡ್‌ಮಿಲ್ ಬಗ್ಗೆ ನನಗೆ ತುಂಬಾ ಗೌರವ ಇದೆ. ಮೈದಾನದ ಟೆಸ್ಟ್‌ಗಳು ಅಂದಾಜು ಮಾಡುತ್ತವೆ, ಇದು ಮಾಸ್ಕ್ ಇಟ್ಟು ನಿಜವಾಗಿ ಅಳೆಯುತ್ತದೆ. 1923ರಲ್ಲಿ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಎ.ವಿ. ಹಿಲ್ ಮತ್ತು ಲಪ್ಟನ್ ಈ ಆಮ್ಲಜನಕದ ಮಿತಿಯ ಬಗ್ಗೆ ಬರೆದಾಗ ಹಿಲ್ ತಾವೇ ಹುಲ್ಲಿನ ಮೇಲೆ ಓಡಿ, ಉಸಿರನ್ನು ಬೆನ್ನ ಮೇಲಿನ ಚೀಲದಲ್ಲಿ ಹಿಡಿದಿದ್ದರು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಆದರೆ ಯಂತ್ರವನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಪ್ರತಿ ಸಲ ಮೂರು ಲೀಟರ್ ಸಿರಿಂಜಿನಿಂದ ಗಾಳಿಯ ಅಳತೆ ಸರಿ ಇದೆಯಾ ನೋಡಬೇಕು, ಗೊತ್ತಿರುವ ಪ್ರಮಾಣದ ಅನಿಲ ಬಿಟ್ಟು ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಯಂತ್ರದ ಅಳತೆಯನ್ನು ಅದಕ್ಕೆ ಹೊಂದಿಸಬೇಕು. ನನ್ನ ಮೊದಲ ಟೆಸ್ಟಿನಲ್ಲಿ ಮಾಸ್ಕ್ ಮೂಗಿನ ಹತ್ತಿರ ಸೋರುತ್ತಿತ್ತು. ಸಂಖ್ಯೆಗಳು ತೆರೆಯ ಮೇಲೆ ಚೆನ್ನಾಗಿಯೇ ಓಡುತ್ತಿದ್ದವು, ನನ್ನ ದಮ್ಮು ಮಾತ್ರ ಕಾಯಿಲೆಯವರ ದಮ್ಮಿನಷ್ಟು ಕಡಿಮೆ ತೋರಿಸುತ್ತಿತ್ತು. ಇಡೀ ಟೆಸ್ಟ್ ಮತ್ತೆ ಮಾಡಬೇಕಾಯಿತು.

ಇನ್ನೊಂದು ಎಚ್ಚರ, ಪ್ರೋಟೋಕಾಲ್ ಬಗ್ಗೆ, ಅಂದರೆ ವೇಗ ಮತ್ತು ಏರನ್ನು ಹೆಚ್ಚಿಸುತ್ತಾ ಹೋಗುವ ಕ್ರಮದ ಬಗ್ಗೆ. ಪುಸ್ತಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬ್ರೂಸ್ ಪ್ರೋಟೋಕಾಲ್. ಗಂಟೆಗೆ 2.7 ಕಿ.ಮೀ. ವೇಗ, ಶೇ. 10 ಏರು ಇಟ್ಟು ಶುರು ಮಾಡಿ ಪ್ರತಿ ಮೂರು ನಿಮಿಷಕ್ಕೆ ಎರಡನ್ನೂ ಏರಿಸುತ್ತಾ ಹೋಗುವುದು. ಹೃದಯದ ತೊಂದರೆ ಪತ್ತೆ ಮಾಡಲು ಅದು ಒಳ್ಳೆಯದು. ಓಡುವವರಿಗೆ ಅಲ್ಲ. ನನಗೆ ಉಸಿರು ಮುಗಿಯುವ ಮೊದಲೇ ಮೀನಖಂಡ ಸೋತಿತು. ಆಮೇಲೆ ಆರಾಮಾಗಿ ಓಡುವ ವೇಗ ಒಂದನ್ನು ಇಟ್ಟುಕೊಂಡು ನಿಮಿಷಕ್ಕೆ ಶೇ. 1ರಂತೆ ಏರು ಹೆಚ್ಚಿಸಿದೆ, ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯಿತು, ಸಂಖ್ಯೆಯೂ ನಂಬುವಂತೆ ಬಂತು. ಹಾಗೇ, 220ರಿಂದ ವಯಸ್ಸು ಕಳೆದು ಅಂದಾಜು ಮಾಡುವ ಗರಿಷ್ಠ ನಾಡಿಮಿಡಿತ ಬಂತು ಅಂತ ಟೆಸ್ಟ್ ನಿಲ್ಲಿಸಬೇಡಿ. ಆ ಸೂತ್ರ ಒಬ್ಬೊಬ್ಬರಲ್ಲಿ ಹತ್ತು ಬಡಿತ ಅತ್ತಿತ್ತ ಆಗುವುದು ಮಾಮೂಲು. ನನ್ನ ಸಹಪಾಠಿ ಹಾಗೆ ನಿಲ್ಲಿಸಿ, ಇನ್ನೂ ಎರಡು ನಿಮಿಷ ಓಡಬಲ್ಲವರನ್ನು ಇಳಿಸಿಬಿಟ್ಟರು.

ಸೈಕಲ್ ಸಂಖ್ಯೆ ಕಡಿಮೆ ಬಂದದ್ದು ನೋಡಿ ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ. ಸೈಕಲ್ ಅಭ್ಯಾಸ ಇಲ್ಲದವರಿಗೆ ಅದು ಟ್ರೆಡ್‌ಮಿಲ್‌ಗಿಂತ ಕಡಿಮೆಯೇ ಬರುತ್ತದೆ, ಯಾಕೆಂದರೆ ದುಡಿಯುವ ಸ್ನಾಯು ಕಡಿಮೆ, ತೊಡೆ ಮೊದಲೇ ಉರಿಯುತ್ತದೆ. ಆದರೆ ದೇಹ ಅಲುಗಾಡುವುದಿಲ್ಲ. ಕಿವಿಯ ಹಾಲೆಯಿಂದ ರಕ್ತದ ಹನಿ ತೆಗೆದು ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿದಾಗ ರಕ್ತದಲ್ಲಿ ಹೆಚ್ಚುವ ವಸ್ತು) ನೋಡುವುದು, ರಕ್ತದೊತ್ತಡ ನೋಡುವುದು ಇಲ್ಲಿ ಎಷ್ಟೋ ಸುಲಭ, ಎಷ್ಟು ವಾಟ್ ಕೆಲಸ ಆಯಿತು ಅನ್ನುವುದೂ ನಿಖರವಾಗಿ ಗೊತ್ತಾಗುತ್ತದೆ. ನಿಮ್ಮ ಪ್ರಾಜೆಕ್ಟ್ ಲ್ಯಾಕ್ಟೇಟ್ ಬಗ್ಗೆ ಇದ್ದರೆ ಬೇರೆ ಯೋಚನೆ ಬೇಡ, ಸೈಕಲ್ ಹಿಡಿಯಿರಿ. ಫುಟ್‌ಬಾಲ್ ಆಡುವವರನ್ನು ಮಾತ್ರ ಸುಮ್ನೆ ಸೈಕಲ್ ಮೇಲೆ ಕೂರಿಸಬೇಡಿ.

ಈಗ ಕೂಪರ್. ಕೆನೆತ್ ಕೂಪರ್ ಇದನ್ನು ಅಮೆರಿಕದ ವಾಯುಪಡೆಯವರಿಗಾಗಿ ರೂಪಿಸಿ 1968ರಲ್ಲಿ ಪ್ರಕಟಿಸಿದರು. 12 ನಿಮಿಷದಲ್ಲಿ ಓಡಿದ ಮೀಟರ್‌ನಲ್ಲಿ 504.9 ಕಳೆದು 44.73ರಿಂದ ಭಾಗಿಸಿದರೆ ಉತ್ತರ. ನಾನು ಮೊದಲ ಸಲ ಹುಮ್ಮಸ್ಸಿನಲ್ಲಿ ಜೋರಾಗಿ ಶುರು ಮಾಡಿ ಕೊನೆಗೆ ನಡೆಯುವಂತಾಯಿತು: 2350 ಮೀಟರ್, ಅಂದರೆ 41. ಹತ್ತು ದಿನ ಬಿಟ್ಟು ಸಮನಾದ ವೇಗದಲ್ಲಿ ಓಡಿದೆ: 2600 ಮೀಟರ್, ಸುಮಾರು 47. ಹತ್ತು ದಿನದಲ್ಲಿ ನನ್ನ ದಮ್ಮು ಅಷ್ಟು ಹೆಚ್ಚಿರಲು ಸಾಧ್ಯವೇ ಇಲ್ಲ, ಅಲ್ವಾ? ಓಡುವ ಲೆಕ್ಕಾಚಾರ ಕಲಿತೆ, ಅಷ್ಟೇ. ತರಬೇತಿಯ ಪರಿಣಾಮ ನೋಡುವ ಪ್ರಾಜೆಕ್ಟ್‌ನಲ್ಲಿ ಹೀಗಾದರೆ ಆ ಕಲಿಕೆಯೆಲ್ಲ ತರಬೇತಿಯ ಖಾತೆಗೆ ಬೀಳುತ್ತದೆ. ಹಾಗಾಗಿ ನಾನು ಕೂಪರ್ ಕೈಬಿಟ್ಟೆ.

ಶಟಲ್ ಓಟದಲ್ಲಿ ಆ ಕಾಟ ಇಲ್ಲ, ವೇಗವನ್ನು ಬೀಪ್ ಹೇಳುತ್ತದೆ. ಲೂಕ್ ಲೇಜರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಮಾಡಿದ್ದು ಇದು. ಗಂಟೆಗೆ 8.5 ಕಿ.ಮೀ.ಯಿಂದ ಶುರು, ಪ್ರತಿ ನಿಮಿಷಕ್ಕೆ 0.5 ಜಾಸ್ತಿ. ನಾನು ಎಂಟನೇ ಹಂತ, ಅಂದರೆ 12 ಕಿ.ಮೀ. ವೇಗ ಮುಗಿಸಿದೆ. ಪ್ರತಿ 20 ಮೀಟರಿಗೆ ನಿಂತು ತಿರುಗಬೇಕು, ಆ ತಿರುಗುವಿಕೆಯೇ ಅರ್ಧ ಶಕ್ತಿ ತಿನ್ನುತ್ತದೆ ಅನ್ನಿಸುತ್ತದೆ, ಆದರೆ ಫುಟ್‌ಬಾಲ್‌ನಲ್ಲೂ ಅದೇ ತಾನೇ ನಡೆಯುವುದು. ಅದೇ ನೆಲ, ಅದೇ ಶೂ ಇರಲೇಬೇಕು, ನೆಲ ಜಾರಿದರೆ ಲೆಕ್ಕವೂ ಜಾರುತ್ತದೆ. ಹುಡುಗರು ಸಾಲಾಗಿ ಓಡುವಾಗ ಒಬ್ಬ ಬಿಟ್ಟರೆ ಪಕ್ಕದವನೂ ಬಿಡುತ್ತಾನೆ, ಅದಕ್ಕೆ ಗೆಳೆಯರನ್ನು ದೂರ ದೂರ ನಿಲ್ಲಿಸಿದೆ. ಫಲಿತಾಂಶವನ್ನು ವಿಓ-ಟು ಮ್ಯಾಕ್ಸ್ ಅಂತ ಬರೆಯದೆ ಎಷ್ಟು ಮೀಟರ್ ಓಡಿದರು ಅಂತ ಬರೆಯುವುದು ಪ್ರಾಮಾಣಿಕ. ಯಾನ್ಸ್ ಬ್ಯಾಂಗ್ಸ್‌ಬೋ ಅವರ ಯೋ-ಯೋ ಟೆಸ್ಟಿನಲ್ಲಿ 40 ಮೀಟರಿಗೊಮ್ಮೆ ಹತ್ತು ಸೆಕೆಂಡ್ ಬಿಡುವು ಇರುತ್ತದೆ, ಈ ಆಟಕ್ಕೆ ಅದು ಇನ್ನೂ ಹತ್ತಿರ. ನನಗೆ ಅದನ್ನು ಮಾಡಲು ಸಮಯ ಸಿಗಲಿಲ್ಲ.

ಸಮಯ ಅಂದೆ, ನಿಜವಾದ ತೊಡಕು ಅದೇ. 24 ಜನ, ತರಬೇತಿಗೆ ಮೊದಲೊಮ್ಮೆ, ಆಮೇಲೊಮ್ಮೆ. ಟ್ರೆಡ್‌ಮಿಲ್ ಆದರೆ 48 ಟೆಸ್ಟ್, ಕ್ಯಾಲಿಬ್ರೇಷನ್ ಸೇರಿ ಒಂದೊಂದಕ್ಕೆ ಒಂದು ಗಂಟೆ. ಶಟಲ್ ಆದರೆ 12 ಜನರ ಎರಡು ಗುಂಪು, ಒಂದೇ ಸಂಜೆಗೆ ಮುಗಿಯುತ್ತದೆ. ಲ್ಯಾಬೇ ಬೇಕು ಅಂತ ಹಠ ಹಿಡಿದು ಎಂಟೇ ಜನರಲ್ಲಿ ಪ್ರಾಜೆಕ್ಟ್ ಮುಗಿಸಿ, ಕೊನೆಗೆ ಏನೂ ಹೇಳಲಾಗದೆ ಕೂತವರನ್ನು ನೋಡಿದ್ದೇನೆ. ಅಷ್ಟು ದುಡಿದವರಿಗೆ ಹಾಗಾಗಬಾರದು.

ನಾನು ಮಾಡಿದ್ದು ಇಷ್ಟು. ಎಲ್ಲರಿಗೂ ಶಟಲ್, ಅವರಲ್ಲಿ ಎಂಟು ಜನರಿಗೆ ಟ್ರೆಡ್‌ಮಿಲ್ ಕೂಡ. ಇನ್ನೊಂದು, ನನ್ನ ಗೈಡ್ ಹೇಳಿದ್ದಕ್ಕೆ: ತರಬೇತಿ ಶುರುವಾಗುವ ಮೊದಲೇ ಅದೇ ಎಂಟು ಜನರನ್ನು ಒಂದು ವಾರದ ಅಂತರದಲ್ಲಿ ಎರಡು ಸಲ ಶಟಲ್ ಓಡಿಸಿದೆ, ಏನೂ ಬದಲಾಗದಿದ್ದಾಗಲೂ ಸಂಖ್ಯೆ ಎಷ್ಟು ಅಲುಗಾಡುತ್ತದೆ ನೋಡಲು. ಆಗ ಅದು ದಂಡದ ಕೆಲಸ ಅನ್ನಿಸಿತ್ತು. ವೈವಾದಲ್ಲಿ ಬಂದ ಮೊದಲ ಪ್ರಶ್ನೆಯೇ ಅದು, ಉತ್ತರದ ಪುಟ ನನ್ನ ಕೈಯಲ್ಲಿತ್ತು.