ಕಂಪ್ಯೂಟರ್‌ನಿಂದ ಮೊಬೈಲ್‌ಗೆ ನಂಬರ್‌ಗಳು: ಐದು ವರ್ಷ ಗೂಗಲ್ ಕಾಂಟ್ಯಾಕ್ಟ್ಸ್ ಬಳಸಿದ ಮೇಲೆ

"ಇದೇನೋ, ಎಲ್ಲರ ಹೆಸರೂ ಪ್ರಶ್ನೆ ಚಿಹ್ನೆ ಆಗಿಬಿಟ್ಟಿದೆಯಲ್ಲ?"

ಹೊಸ ಮೊಬೈಲ್ ಕೈಯಲ್ಲಿ ಹಿಡಿದು ಅಮ್ಮ ಹೀಗೆ ಕೇಳಿದ್ದು ಐದು ವರ್ಷದ ಹಿಂದೆ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಅದಕ್ಕೇ ಬೇಕಾದವರ ಹೆಸರನ್ನೆಲ್ಲ ಕಂಪ್ಯೂಟರ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ, ನಂಬರ್ ಸೇರಿಸಿ, ಮೊಬೈಲ್‌ಗೆ ಹಾಕಿ ಕೊಟ್ಟಿದ್ದೆ. ನಂಬರ್ ಬಂದಿತ್ತು, ಹೆಸರು ಬಂದಿರಲಿಲ್ಲ. ಒಂದೊಂದು ಅಕ್ಷರದ ಜಾಗದಲ್ಲೂ ಒಂದೊಂದು ಪ್ರಶ್ನೆ ಚಿಹ್ನೆ.

ಇದನ್ನು ಸರಿ ಮಾಡಲು ಹೊರಟಾಗಲೇ ಗೂಗಲ್ ಕಾಂಟ್ಯಾಕ್ಟ್ಸ್ ಅನ್ನು, ಅಂದರೆ ಹೆಸರು-ನಂಬರ್‌ಗಳನ್ನು ನಮ್ಮ ಗೂಗಲ್ ಅಕೌಂಟ್‌ನಲ್ಲಿ ಇಟ್ಟುಕೊಳ್ಳುವ ಸೇವೆಯನ್ನು, ಸರಿಯಾಗಿ ಬಳಸಲು ಕಲಿತಿದ್ದು. ಅದಕ್ಕೂ ಮೊದಲು ಮೊಬೈಲ್ ಜೊತೆ ಬಂದಿದ್ದ ಒಂದು ಸಾಫ್ಟ್‌ವೇರ್ ಇಟ್ಟುಕೊಂಡು, ಕೇಬಲ್ ಹಾಕಿ ನಂಬರ್ ಸಾಗಿಸುತ್ತಿದ್ದೆ. ಬೇರೆ ಕಂಪನಿಯ ಮೊಬೈಲ್ ಬಂದ ದಿನ ಅದರ ಕೆಲಸ ಮುಗಿಯಿತು. ಗೂಗಲ್ ಕಾಂಟ್ಯಾಕ್ಟ್ಸ್ ಹಿಡಿದ ಮೇಲೆ ಮೂರು ಮೊಬೈಲ್ ಬದಲಾಗಿವೆ, ಪಟ್ಟಿ 600 ದಾಟಿದೆ. ಒಂದು ನಂಬರೂ ಕಳೆದುಹೋಗಿಲ್ಲ.

ಕೆಲಸ ಸುಲಭ. ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು, 'ಇಂಪೋರ್ಟ್' ಒತ್ತಿ, ಹೆಸರು-ನಂಬರ್ ಇರುವ ಫೈಲ್ ಆಯ್ಕೆ ಮಾಡಬೇಕು. ಮೊಬೈಲ್‌ನಲ್ಲಿ ಅದೇ ಅಕೌಂಟ್ ಇದ್ದು, ಕಾಂಟ್ಯಾಕ್ಟ್ಸ್ ಸಿಂಕ್ (ಎರಡೂ ಕಡೆಯ ಪಟ್ಟಿ ಒಂದೇ ಆಗಿರುವಂತೆ ನೋಡಿಕೊಳ್ಳುವ ಸೌಲಭ್ಯ) ಆನ್ ಆಗಿದ್ದರೆ ಸಾಕು, ಸ್ವಲ್ಪ ಹೊತ್ತಿನಲ್ಲಿ ಹೆಸರುಗಳು ಅಲ್ಲಿ ಬಂದು ಕೂರುತ್ತವೆ. ಐಫೋನ್‌ನಲ್ಲೂ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಕೌಂಟ್ ಸೇರಿಸಿದರೆ ಇದೇ ಪಟ್ಟಿ ಸಿಗುತ್ತದೆ. ಕೇಬಲ್ ಬೇಡ, ಬೇರೆ ಆ್ಯಪ್ ಬೇಡ. ಒಂದು ಸಲಕ್ಕೆ 3,000 ಹೆಸರಿನವರೆಗೆ ಇಂಪೋರ್ಟ್ ಮಾಡಬಹುದು. ಮನೆ ಬಳಕೆಗೆ ಇದು ಬೇಕಾದಷ್ಟಾಯಿತು.

ತಲೆನೋವು ಇರುವುದು ಫೈಲ್ ತಯಾರಿಯಲ್ಲಿ. ನಾನು ಅತಿ ಜಾಸ್ತಿ ಸಮಯ ಕಳೆದಿದ್ದು ಅಲ್ಲೇ.

ಪಟ್ಟಿ ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ನಲ್ಲಿದ್ದರೆ ಅದನ್ನು ಸಿಎಸ್‌ವಿ (ಕಾಲಮ್‌ಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯದ ಫೈಲ್) ಆಗಿ ಉಳಿಸುತ್ತೇವೆ, ಅಲ್ವಾ? ಆಗ ಪಟ್ಟಿಯಲ್ಲಿ ಸುಮ್ನೆ 'ಸಿಎಸ್‌ವಿ' ಎಂದು ಒಂದು ಆಯ್ಕೆ, 'ಸಿಎಸ್‌ವಿ ಯುಟಿಎಫ್-8' ಎಂದು ಇನ್ನೊಂದು ಆಯ್ಕೆ ಕಾಣಬಹುದು. ಯುಟಿಎಫ್-8 ಎಂದರೆ ಕನ್ನಡವೂ ಸೇರಿ ಎಲ್ಲ ಭಾಷೆಯ ಅಕ್ಷರಗಳನ್ನು ಉಳಿಸುವ ವಿಧಾನ. ಮೊದಲನೆಯದಕ್ಕೆ ಕನ್ನಡ ಅಕ್ಷರ ಹಿಡಿಸದೇ ಹೋದರೆ ಅದು ಪ್ರಶ್ನೆ ಚಿಹ್ನೆ ಹಾಕಿ ಉಳಿಸಿಬಿಡುತ್ತದೆ. ಅಮ್ಮನ ಮೊಬೈಲ್‌ನಲ್ಲಿ ಆಗಿದ್ದು ಇದೇ. ನಾನು ಮೊಬೈಲ್‌ನಲ್ಲಿ ಕನ್ನಡ ಫಾಂಟ್ ಇಲ್ಲವೇನೋ ಎಂದು ಎರಡು ದಿನ ಅಲ್ಲೇ ಹುಡುಕುತ್ತಿದ್ದೆ. ಹೆಸರುಗಳು ಕಂಪ್ಯೂಟರ್ ಬಿಡುವ ಮೊದಲೇ ಹಾಳಾಗಿದ್ದವು. ಯುಟಿಎಫ್-8 ಆರಿಸಿ ಮತ್ತೆ ಉಳಿಸಿದ ಮೇಲೆ ಎಲ್ಲ ಸರಿಯಾಯಿತು.

ನಂಬರ್‌ಗಳದ್ದು ಇನ್ನೊಂದು ಕತೆ. ದೇಶದ ಕೋಡ್ ಸೇರಿ 12 ಅಂಕಿ ಇರುವ ನಂಬರನ್ನು ಸ್ಪ್ರೆಡ್‌ಶೀಟ್ ಒಂದು ದೊಡ್ಡ ಸಂಖ್ಯೆ ಎಂದುಕೊಳ್ಳುತ್ತದೆ. ಮೊದಲು ಕೆಲವು ಅಂಕಿ, ಮಧ್ಯೆ 'ಇ' ಎಂಬ ಅಕ್ಷರ, ಕೊನೆಗೆ +11. ಸೆಲ್‌ನಲ್ಲಿ ಕಾಣುವುದು ಇಷ್ಟೇ. ಹಾಗೆಯೇ ಸಿಎಸ್‌ವಿ ಉಳಿಸಿದರೆ ಫೈಲ್‌ಗೂ ಅದೇ ಹೋಗುತ್ತದೆ. ಮತ್ತೆ ತೆರೆದು ನೋಡಿದಾಗ ಮೊದಲ ನಾಲ್ಕಾರು ಅಂಕಿ ಬಿಟ್ಟು ಉಳಿದದ್ದೆಲ್ಲ ಸೊನ್ನೆ! ಲ್ಯಾಂಡ್‌ಲೈನ್ ನಂಬರಿನ ಮುಂದಿನ ಸೊನ್ನೆಯೂ ಹೀಗೇ ಮಾಯವಾಗುತ್ತದೆ. ಇದಕ್ಕೆ ಪರಿಹಾರ ಒಂದೇ: ನಂಬರ್ ಹಾಕುವ ಮೊದಲೇ ಆ ಇಡೀ ಕಾಲಮ್ ಅನ್ನು 'ಟೆಕ್ಸ್ಟ್' ಮಾಡಿಡಬೇಕು. ಹಾಕಿದ ಮೇಲೆ ಮಾಡಿದರೆ ಹೋದ ಸೊನ್ನೆ ವಾಪಸ್ ಬರುವುದಿಲ್ಲ. ಸಿಎಸ್‌ವಿ ಫೈಲನ್ನು ಮತ್ತೆ ಸ್ಪ್ರೆಡ್‌ಶೀಟ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದು, ಹಾಗೇ ಸೇವ್ ಮಾಡುವುದೂ ಅಪಾಯವೇ. ನೋಡಬೇಕಿದ್ದರೆ ನೋಟ್‌ಪ್ಯಾಡ್‌ನಲ್ಲಿ ನೋಡಿ.

ಕಾಲಮ್‌ಗಳ ತಲೆಬರಹ ಏನು ಕೊಡಬೇಕು ಎಂಬ ಗೊಂದಲಕ್ಕೆ ಒಳ್ಳೆಯ ದಾರಿ ಇದೆ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಒಂದು ಹೆಸರು ಸೇರಿಸಿ, ಅದನ್ನೇ ಸಿಎಸ್‌ವಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಬಂದ ಫೈಲ್‌ನ ಮೊದಲ ಸಾಲು ಬದಲಾಯಿಸದೆ, ಕೆಳಗೆ ನಿಮ್ಮ ಪಟ್ಟಿ ತುಂಬಿ.

ಈಗ ನಾನು ಸಿಎಸ್‌ವಿ ಬಳಸುವುದು ಕಡಿಮೆ, ವಿಸಿಎಫ್ ಫೈಲೇ ಇಷ್ಟ. ಇದು ಹೆಸರು-ನಂಬರ್ ಬರೆದಿಡುವ 'ವಿಕಾರ್ಡ್' ಎಂಬ ಹಳೆಯ ಮಾದರಿ. ಇದರ 2.1 ಆವೃತ್ತಿ 1996ರದ್ದು, 3.0 ಬಂದಿದ್ದು 1998ರಲ್ಲಿ. ಆಂಡ್ರಾಯ್ಡ್, ಐಫೋನ್, ಆ್ಯಪಲ್‌ನ ಐಕ್ಲೌಡ್, ಥಂಡರ್‌ಬರ್ಡ್ ಎಂಬ ಇಮೇಲ್ ಸಾಫ್ಟ್‌ವೇರ್, ಎಲ್ಲಕ್ಕೂ ಇದು ಅರ್ಥವಾಗುತ್ತದೆ. ಸಿಎಸ್‌ವಿಯಲ್ಲಿ ಫೋಟೋ ಹೋಗುವುದಿಲ್ಲ, ವಿಸಿಎಫ್‌ನಲ್ಲಿ ಹೋಗುತ್ತದೆ. 2.1 ಆವೃತ್ತಿಯ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮಾತ್ರ ಗಾಬರಿಯಾಗಬೇಡಿ. 'ಅಮ್ಮ' ಎಂಬ ಪುಟ್ಟ ಹೆಸರು ಅಲ್ಲಿ ಸಮ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಎಲ್ಲ ಸೇರಿ 36 ಚಿಹ್ನೆಯ ಉದ್ದನೆಯ ಸಾಲಾಗಿರುತ್ತದೆ. ಫೈಲ್ ಕೆಟ್ಟಿಲ್ಲ, ಆ ಕಾಲದಲ್ಲಿ ಬರೆಯುತ್ತಿದ್ದ ರೀತಿಯೇ ಹಾಗೆ. ಕೈ ಹಾಕಿ ತಿದ್ದಲು ಹೋಗಬೇಡಿ, ಒಂದು ಚಿಹ್ನೆ ಅಳಿಸಿದರೂ ಹೆಸರು ಕೆಡುತ್ತದೆ. ಗೂಗಲ್ ಕಾಂಟ್ಯಾಕ್ಟ್ಸ್ ಕೊಡುವುದು 3.0 ಆವೃತ್ತಿ. ಅದರಲ್ಲಿ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಈ ಸೇವೆಯಲ್ಲಿ ನನಗೆ ಬಹಳ ಹಿಡಿಸಿದ್ದು ತಪ್ಪು ತಿದ್ದಿಕೊಳ್ಳಲು ಇರುವ ಅವಕಾಶ. ಇಂಪೋರ್ಟ್ ಮಾಡಿದ ಗುಂಪಿಗೆ ಅದೇ ದಿನಾಂಕದ ಒಂದು ಲೇಬಲ್ ತಾನಾಗಿ ಬೀಳುತ್ತದೆ. ಏನಾದರೂ ಎಡವಟ್ಟಾದರೆ ಆ ಲೇಬಲ್‌ನಲ್ಲಿ ಇರುವುದನ್ನಷ್ಟೇ ಅಳಿಸಿ ಮತ್ತೆ ಶುರು ಮಾಡಬಹುದು. ನಾನು ಈಗಲೂ ಮೊದಲು ಐದೇ ಹೆಸರು ಹಾಕಿ ನೋಡುತ್ತೇನೆ. ಅದರಲ್ಲಿ ಒಂದು ಒತ್ತಕ್ಷರ ಇರುವ ಕನ್ನಡ ಹೆಸರು, ಒಂದು ಲ್ಯಾಂಡ್‌ಲೈನ್, ಎರಡು ನಂಬರ್ ಇರುವವರೊಬ್ಬರು ಇರಲೇಬೇಕು. ಅವು ಸರಿ ಬಂದರೆ ಉಳಿದದ್ದೂ ಬರುತ್ತದೆ.

ಸಿಂಕ್ ಎರಡೂ ಕಡೆಯಿಂದ ನಡೆಯುತ್ತದೆ ಎಂಬುದು ನೆನಪಿರಲಿ. ಮೊಬೈಲ್‌ನಲ್ಲಿ ಅಳಿಸಿದರೆ ಕಂಪ್ಯೂಟರ್‌ನಲ್ಲೂ ಹೋಗುತ್ತದೆ. ಒಮ್ಮೆ ಹಳೆಯ ಮೊಬೈಲ್ ಬೇರೆಯವರಿಗೆ ಕೊಡುವ ಮುಂಚೆ, ಅಕೌಂಟ್ ತೆಗೆಯದೆ ಹೆಸರುಗಳನ್ನು ಅಳಿಸುತ್ತಾ ಕೂತೆ. ಹೊಸ ಮೊಬೈಲ್‌ನಲ್ಲಿ ಹುಡುಕಿದರೆ ಒಬ್ಬರೂ ಇಲ್ಲ. ಎದೆ ಧಸಕ್ ಎಂದಿತು. ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ, ಅಲ್ಲಿಂದ ಎಲ್ಲವೂ ವಾಪಸ್ ಬಂತು. 'ಅನ್‌ಡೂ ಚೇಂಜಸ್' ಎಂಬುದೂ ಇದೆ. ಆದರೆ ಅದು ಪಟ್ಟಿಯನ್ನೇ ಹಳೆಯ ಸ್ಥಿತಿಗೆ ಒಯ್ಯುವುದರಿಂದ ಮಧ್ಯೆ ಸೇರಿಸಿದ ಹೊಸ ಹೆಸರೂ ಹೋಗುತ್ತದೆ.

ಒಬ್ಬರ ಹೆಸರು ಮೂರು ಸಲ ಕಾಣುವ ಕಾಟ ಬಹಳ ಜನರಿಗಿದೆ. ಸಾಮಾನ್ಯವಾಗಿ ಒಂದು ಸಿಮ್‌ನಲ್ಲಿ, ಒಂದು ಮೊಬೈಲ್‌ನಲ್ಲಿ, ಒಂದು ಅಕೌಂಟ್‌ನಲ್ಲಿ ಇರುತ್ತದೆ. ಹೊಸ ನಂಬರ್ ಉಳಿಸುವಾಗ ಯಾವಾಗಲೂ ಅಕೌಂಟ್ ಆರಿಸಿ. ಇಂಥವನ್ನು ಒಂದಾಗಿ ಸೇರಿಸುವ 'ಮರ್ಜ್' ಸೌಲಭ್ಯ ಚೆನ್ನಾಗಿದೆ, ಆದರೆ ಒಂದೇ ಏಟಿಗೆ ಎಲ್ಲವನ್ನೂ ಒಪ್ಪಬೇಡಿ. ಒಂದೇ ಹೆಸರಿನ ಇಬ್ಬರು ಬೇರೆಬೇರೆಯವರೂ ಇರಬಹುದು.

ನಿಮ್ಮ ಪಟ್ಟಿಯನ್ನು ಯಾವ ಅಕೌಂಟ್‌ಗೂ ಕೊಡುವ ಮನಸ್ಸಿಲ್ಲ ಎಂದರೆ ವಿಸಿಎಫ್ ಫೈಲನ್ನು ಕೇಬಲ್ ಅಥವಾ ಬ್ಲೂಟೂತ್‌ನಲ್ಲಿ ಆಂಡ್ರಾಯ್ಡ್ ಮೊಬೈಲ್‌ಗೆ ಹಾಕಿ ಅಲ್ಲೇ ತೆರೆಯಬಹುದು. ಗೊತ್ತಿಲ್ಲದ ಆ್ಯಪ್‌ಗಳಿಗೆ ಮಾತ್ರ ಪಟ್ಟಿ ಕೊಡಬೇಡಿ. ಅದರಲ್ಲಿರುವುದು ನಮ್ಮನ್ನು ನಂಬಿ ಕೊಟ್ಟವರ ನಂಬರ್. ಕೆಲಸ ಮುಗಿದ ಮೇಲೆ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಉಳಿದ ಫೈಲನ್ನೂ ಅಳಿಸಿ.

5ಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಸಿಎಸ್‌ವಿಯಲ್ಲಿ ಫೋಟೋ ಬರುವುದಿಲ್ಲ ಎಂಬುದಕ್ಕೆ. ಅಮ್ಮನ ಪಟ್ಟಿಗೆ ಹೋದ ತಿಂಗಳು ಫೋಟೋಗಳನ್ನೂ ಸೇರಿಸಿ ವಿಸಿಎಫ್‌ನಲ್ಲಿ ಕಳಿಸಿದೆ. ಈಗ ಮೊಬೈಲ್ ರಿಂಗ್ ಆದರೆ ಕನ್ನಡಕ ಹುಡುಕುವ ಮೊದಲೇ ಯಾರದ್ದು ಎಂದು ಹೇಳಿಬಿಡುತ್ತಾರೆ.