ಬರ್ಗರ್ ಒಂದು ಅಂಗಡಿಯದು, ಫ್ರೈಸ್ ಇನ್ನೊಂದರದು: ಕ್ಯಾಲಿಫೋರ್ನಿಯಾದ ಇನ್-ಎನ್-ಔಟ್, ಫೈವ್ ಗೈಸ್, ಮೆಕ್‌ಡೊನಾಲ್ಡ್ಸ್

ಅಮೆರಿಕದ ಈ ಮೂರು ಬರ್ಗರ್ ಸರಣಿ ಅಂಗಡಿಗಳಲ್ಲಿ ಯಾವುದು ಎಂಬ ತೀರ್ಪು ಮೊದಲೇ ಹೇಳಿಬಿಡೋಣ. ಬರ್ಗರ್‌ಗೆ ಇನ್-ಎನ್-ಔಟ್, ಫ್ರೈಸ್‌ಗೆ ಫೈವ್ ಗೈಸ್. ಪಾರ್ಸೆಲ್ ಒಯ್ಯುವುದಾದರೆ ಲೆಕ್ಕವೇ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

ಇನ್-ಎನ್-ಔಟ್ ಫ್ರೈಸ್ ಮೆತ್ತಗೆ ಅನ್ನುವುದು ಹಳೆಯ ದೂರು. ಆಲೂಗಡ್ಡೆ ತಾಜಾ, ಕೌಂಟರ್ ಹಿಂದೆ ಹಿಡಿಕೆ ಎಳೆದು ಕತ್ತರಿಸುವುದು ನಮಗೆ ಕಾಣುತ್ತದೆ. ಎಣ್ಣೆ ಸೂರ್ಯಕಾಂತಿ. ಆದರೆ ಕರಿಯುವುದು ಒಂದೇ ಸಲ. ಹಸಿ ಆಲೂಗಡ್ಡೆಯಲ್ಲಿ ಮುಕ್ಕಾಲು ಪಾಲು ನೀರೇ. ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗಿನ ನೀರು ಪೂರ್ತಿ ಆರಿರುವುದಿಲ್ಲ. ಎಣ್ಣೆಯಿಂದ ತೆಗೆದ ಮೇಲೆ ಆ ಹಬೆ ಹೊರಬಂದು ಗರಿಯಾದ ಹೊರಪದರವನ್ನು ನೆನೆಸಿಬಿಡುತ್ತದೆ. ಐದು ನಿಮಿಷ ಕಳೆದರೆ ರುಚಿ ಇರುತ್ತದೆ, ಗರಿ ಇರುವುದಿಲ್ಲ. ಇದಕ್ಕೆ ಮದ್ದು ಆರ್ಡರ್‌ನಲ್ಲೇ ಇದೆ: ‘ವೆಲ್ ಡನ್’ ಎಂದು ಹೇಳಿ, ಹೆಚ್ಚು ಹೊತ್ತು ಕರಿದು ಕೊಡುತ್ತಾರೆ. ಅದಕ್ಕೆ ಬೇರೆ ದುಡ್ಡಿಲ್ಲ, ಸ್ವಲ್ಪ ಕಾಯಬೇಕು ಅಷ್ಟೆ. ಚೀಸ್, ಸ್ಪ್ರೆಡ್ (ಅವರದೇ ಸಾಸ್), ಹುರಿದ ಈರುಳ್ಳಿ ಸುರಿದ ‘ಅನಿಮಲ್ ಸ್ಟೈಲ್’ ಫ್ರೈಸ್ ಬೇಕಿದ್ದರೂ ಕೆಳಗಿನದು ವೆಲ್ ಡನ್ ಇರಲಿ. ಇಲ್ಲವಾದರೆ ಫೋರ್ಕಿನಲ್ಲಿ ಮುದ್ದೆ ತಿಂದಂತೆ.

ಫೈವ್ ಗೈಸ್‌ನವರೂ ಅಂಗಡಿಯಲ್ಲೇ ಕತ್ತರಿಸುವುದು. ಆಲೂಗಡ್ಡೆ ಮೂಟೆಗಳನ್ನು ಎದುರಿಗೇ ಪೇರಿಸಿ, ಇಂದಿನ ಗಡ್ಡೆ ಯಾವ ಊರಿನದು ಎಂದು ಬೋರ್ಡ್ ಕೂಡ ಬರೆದಿರುತ್ತಾರೆ. ವ್ಯತ್ಯಾಸ ಎರಡು ಕಡೆ. ಕತ್ತರಿಸಿದ್ದನ್ನು ನೀರಲ್ಲಿ ತೊಳೆದು ಮೇಲಿನ ಪಿಷ್ಟ ತೆಗೆಯುತ್ತಾರೆ, ಹಾಗಾಗಿ ತುಂಡುಗಳು ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ಕಡಲೆಕಾಯಿ ಎಣ್ಣೆಯಲ್ಲಿ ಎರಡು ಸಲ ಕರಿಯುತ್ತಾರೆ: ಮೊದಲ ಸಲ ಒಳಗೆ ಬೇಯಲು, ಆರಿಸಿಟ್ಟು ಆರ್ಡರ್ ಬಂದ ಮೇಲೆ ಎರಡನೇ ಸಲ ಗರಿಯಾಗಲು. ಕಡಲೆಕಾಯಿ ಎಣ್ಣೆಯ ಘಮ ನಮ್ಮ ಕಡೆಯವರಿಗೆ ಹೊಸದಲ್ಲ. ಅಲರ್ಜಿ ಇದ್ದವರು ಮಾತ್ರ ಒಳಗೇ ಕಾಲಿಡಬಾರದು, ಸಿಪ್ಪೆ ಸಮೇತ ಕಡಲೆಕಾಯಿಯನ್ನೇ ಪುಕ್ಕಟೆ ಇಟ್ಟಿರುತ್ತಾರೆ. ಅಳತೆ ‘ಲಿಟಲ್’ ಸಾಕು. ಕಪ್ ತುಂಬಿಸಿದ ಮೇಲೆ ಚೀಲದೊಳಗೆ ಇನ್ನೊಂದು ಮೊಗೆ ಸುರಿಯುವುದು ಅವರ ರೂಢಿ, ಇಬ್ಬರಿಗೆ ಆಗುತ್ತದೆ. ಫ್ರೈಸ್ ಮೇಲೆ ಉದುರಿಸುವ ಕೇಜನ್ ಮಸಾಲೆಯಲ್ಲಿ ಉಪ್ಪು ಜಾಸ್ತಿ. ಅರ್ಧಕ್ಕೆ ಮಾತ್ರ ಹಾಕಲು ಹೇಳಿ.

ಮೆಕ್‌ಡೊನಾಲ್ಡ್ಸ್‌ನದು ಹೆಪ್ಪುಗಟ್ಟಿದ ಫ್ರೈಸ್ ಎಂದು ಮೂಗು ಮುರಿಯುವವರು ಒಂದು ಮರೆಯುತ್ತಾರೆ. ಕಾರ್ಖಾನೆಯಲ್ಲೊಮ್ಮೆ ಅರೆಕರಿದು, ಅಂಗಡಿಯಲ್ಲಿ ಮತ್ತೆ ಕರಿಯುವುದರಿಂದ ಅದೂ ಎರಡು ಸಲ ಕರಿದದ್ದೇ. ತೆಳ್ಳಗಿರುವುದರಿಂದ ಬಿಸಿ ಇರುವಾಗ ಗರಿ ಚೆನ್ನ, ಆರಿದರೆ ಬೇಗ ಒರಟಾಗುತ್ತದೆ. ಮುಖ್ಯ ವಿಷಯ ಬೇರೆ: ಅಮೆರಿಕದ ಮೆಕ್‌ಡೊನಾಲ್ಡ್ಸ್ ಫ್ರೈಸ್ ಸಸ್ಯಾಹಾರ ಅಲ್ಲ. 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯದ ಎಣ್ಣೆಗೆ ಬಂದರು, ಆದರೆ ಬೀಫ್ ಫ್ಲೇವರ್ ಉಳಿಯಿತು. ಇದರ ಮೇಲೆ ಮೊಕದ್ದಮೆಯಾಗಿ 2002ರಲ್ಲಿ 1 ಕೋಟಿ ಡಾಲರ್‌ಗೆ ರಾಜಿಯಾಯಿತು. ಇಂದಿಗೂ ಪದಾರ್ಥಗಳ ಪಟ್ಟಿಯಲ್ಲಿ ಅದು ಇದೆ, ಜೊತೆಗೆ ಗೋಧಿ ಮತ್ತು ಹಾಲಿನ ಅಂಶ. ಭಾರತದ ಫ್ರೈಸ್‌ನಲ್ಲಿ ಬೀಫ್ ಫ್ಲೇವರ್ ಇಲ್ಲ. ಬೆಂಗಳೂರಲ್ಲಿ ತಿಂದ ಧೈರ್ಯದಲ್ಲಿ ಇಲ್ಲಿಗೆ ಬಂದ ಅಪ್ಪ ಅಮ್ಮನಿಗೆ ಕೊಡಿಸುವ ಮುನ್ನ ಇದು ಗೊತ್ತಿರಲಿ.

ಬರ್ಗರ್‌ಗೆ ಬಂದರೆ ಇನ್-ಎನ್-ಔಟ್‌ನ ಡಬಲ್-ಡಬಲ್: ಎರಡು ಪ್ಯಾಟಿ (ಮಾಂಸದ ಬಿಲ್ಲೆ), ಎರಡು ಚೀಸ್, ಕಾವಲಿಯ ಮೇಲೆ ಕೆಂಪಗೆ ಕಾಯಿಸಿದ ಬನ್, ತಣ್ಣಗಿನ ಲೆಟಿಸ್. ಬಿಸಿಯದೂ ತಣ್ಣಗಿನದೂ ಒಂದೇ ತುತ್ತಿನಲ್ಲಿ ಸಿಗುತ್ತದೆ. ಖಾರ ಬೇಕಾದವರು ‘ಚಾಪ್ಡ್ ಚಿಲೀಸ್’ ಕೇಳಿ, ಉಪ್ಪಿನಕಾಯಿ ಹಾಕಿದ ಹಳದಿ ಮೆಣಸಿನಕಾಯಿ ಹೆಚ್ಚಿ ಹಾಕುತ್ತಾರೆ. ಫೈವ್ ಗೈಸ್‌ನ ಮಾಮೂಲಿ ಬರ್ಗರ್‌ನಲ್ಲೇ ಎರಡು ಪ್ಯಾಟಿ ಇರುತ್ತವೆ, ಒಂದು ಸಾಕಾದರೆ ‘ಲಿಟಲ್’ ಅನ್ನಿ. ಒಳಗೆ ಹಾಕುವ ಟಾಪಿಂಗ್ಸ್ ಉಚಿತ ಎಂದು ಎಲ್ಲವನ್ನೂ ತುಂಬಿಸಿದರೆ ಅಣಬೆ, ಟೊಮೆಟೊ ನೀರು ಬಿಟ್ಟು ಬನ್ ಒದ್ದೆಯಾಗುತ್ತದೆ, ನಾಲ್ಕಕ್ಕೆ ನಿಲ್ಲಿಸಿ. ಬೆಲೆಯಂತೂ ಇನ್-ಎನ್-ಔಟ್‌ನ ಸುಮಾರು ಎರಡು ಪಟ್ಟು. ಮೆಕ್‌ಡೊನಾಲ್ಡ್ಸ್‌ನಲ್ಲಿ ತಿನ್ನುವುದಾದರೆ ಕ್ವಾರ್ಟರ್ ಪೌಂಡರ್ ಬರ್ಗರ್, 2018ರಿಂದ ಹೆಚ್ಚಿನ ಕಡೆ ಹೆಪ್ಪುಗಟ್ಟಿಸದ ಮಾಂಸ ಅದರಲ್ಲಿ.

ಸಸ್ಯಾಹಾರಿಗಳಿಗೆ ಇನ್-ಎನ್-ಔಟ್‌ನ ಗ್ರಿಲ್ಡ್ ಚೀಸ್, ಫೈವ್ ಗೈಸ್‌ನ ವೆಜಿ ಸ್ಯಾಂಡ್‌ವಿಚ್ ಇವೆ. ಎರಡನೆಯದರ ಬನ್ನಿನಲ್ಲಿ ಮೊಟ್ಟೆ ಇದೆ. ಬರ್ಗರ್ ಕಿಂಗ್‌ನ ಇಂಪಾಸಿಬಲ್ ವಾಪರ್‌ನ ಪ್ಯಾಟಿ ಸಸ್ಯದ್ದಾದರೂ ಬೆಂಕಿಯಲ್ಲಿ ಸುಡುವುದು ಬೀಫ್ ಸುಡುವ ಬ್ರಾಯ್ಲರ್ ಎಂಬ ಒಲೆಯಲ್ಲೇ. ಬ್ರಾಯ್ಲರ್ ಬೇಡ, ಮೇಯೊ (ಮೊಟ್ಟೆಯ ಸಾಸ್) ಬೇಡ ಎಂದು ಆರ್ಡರ್ ಮಾಡುವಾಗಲೇ ಹೇಳಬೇಕು.

ಇನ್ನು ಪಾರ್ಸೆಲ್. ಫ್ರೈಸ್‌ಗೆ ಮೊದಲ ಶತ್ರು ಮುಚ್ಚಿದ ಚೀಲ. ಕಾರಿನಲ್ಲಿ ಬಾಯಿ ತೆರೆದಿಡಿ. ಇನ್-ಎನ್-ಔಟ್‌ನಲ್ಲಿ ಕಾರಲ್ಲೇ ತಿನ್ನುತ್ತೇವೆ ಎಂದರೆ ತೆರೆದ ರಟ್ಟಿನ ಡಬ್ಬದಲ್ಲಿ ಕೊಡುತ್ತಾರೆ, ಮನೆಗೆ ಒಯ್ಯುವವರಿಗೂ ಅದೇ ಲೇಸು. ಫೈವ್ ಗೈಸ್‌ನವರು ಬರ್ಗರನ್ನು ಫಾಯಿಲ್‌ನಲ್ಲಿ ಸುತ್ತುತ್ತಾರೆ, ಹಬೆಗೆ ಬನ್ ಇಡ್ಲಿಯಂತಾಗುವ ಮೊದಲು ಬಿಚ್ಚಿಬಿಡಿ. ತಣ್ಣಗಾದ ಫ್ರೈಸನ್ನು ಮೈಕ್ರೋವೇವ್‌ಗೆ ಹಾಕಬೇಡಿ. ಏರ್ ಫ್ರೈಯರ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್, ಒಂದೇ ಪದರ, 3ರಿಂದ 4 ನಿಮಿಷ. ಅದಿಲ್ಲವಾದರೆ ಕಬ್ಬಿಣದ ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಹರಡಿ, ಒಮ್ಮೆ ಮಗುಚಿ ಹಾಕಿ. ಫೈವ್ ಗೈಸ್‌ನದು ಇದರಲ್ಲಿ ಬಹುಪಾಲು ಚೇತರಿಸಿಕೊಳ್ಳುತ್ತದೆ. ಇನ್-ಎನ್-ಔಟ್‌ನದು, ವೆಲ್ ಡನ್ ಅಲ್ಲದಿದ್ದರೆ, ಒಣಗುತ್ತದೆಯೇ ಹೊರತು ಗರಿಯಾಗುವುದಿಲ್ಲ.